ನಡೆವವರು, ನೀರು ಕೊಡುವವರು



ಕಳೆದ ಚಳಿಗಾಲದಲ್ಲಿ ಜಾರ್ಜಿಯಾ, ದಕ್ಷಿಣ ಮತ್ತು ಉತ್ತರ ಕೆರೊಲಿನಾ, ವರ್ಜೀನಿಯಾಗಳ ಹಳ್ಳಿಗಾಡಿನ ರಸ್ತೆಗಳಲ್ಲಿ ಒಂದು ಅಪರೂಪದ ನೋಟ ಕಾಣಿಸಿತು. ಕಾಷಾಯ ಚೀವರ ಹೊದ್ದ ಬೌದ್ಧ ಭಿಕ್ಕುಗಳು ಒಬ್ಬರ ಹಿಂದೊಬ್ಬರಾಗಿ, ಮಾತಿಲ್ಲದೆ, ರಸ್ತೆಯ ಅಂಚಿನಲ್ಲಿ ನಡೆದುಹೋಗುತ್ತಿದ್ದರು. 2025ರ ಅಕ್ಟೋಬರ್ 26ರಂದು ಟೆಕ್ಸಸ್‌ನ ಫೋರ್ಟ್ ವರ್ತ್ ನಗರದ ವಿಪಸ್ಸನಾ ಕೇಂದ್ರವೊಂದರಿಂದ ಹೊರಟಿದ್ದ ಈ ತಂಡ ಸುಮಾರು 2,300 ಮೈಲಿ ನಡೆದು, 2026ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ತಲುಪಿತು. ಶಾಂತಿಗಾಗಿ ನಡಿಗೆ ಎಂದು ಅದಕ್ಕೆ ಹೆಸರು. ತಂಡದ ಮುಂದಾಳು ಭಿಕ್ಕು ಪಞ್ಞಾಕಾರ. ಹಿಂದೊಮ್ಮೆ ಭಾರತದಲ್ಲಿ ಅವರು ನಡೆಯುತ್ತಿದ್ದಾಗ ಜೊತೆಗೂಡಿದ್ದ ಆಲೋಕ ಎಂಬ ಬೀದಿನಾಯಿ ಇಲ್ಲಿಯೂ ಜೊತೆಗಿತ್ತು. ನವೆಂಬರ್ ತಿಂಗಳಲ್ಲಿ ಟೆಕ್ಸಸ್‌ನಲ್ಲೇ ಇವರ ಬೆಂಗಾವಲಿನ ವಾಹನಕ್ಕೆ ಟ್ರಕ್ಕೊಂದು ಗುದ್ದಿ, ಭಿಕ್ಕು ಒಬ್ಬರು ಕಾಲನ್ನೇ ಕಳೆದುಕೊಂಡರು. ನಡಿಗೆ ನಿಲ್ಲಲಿಲ್ಲ.

ಕೊಲಂಬಿಯಾ, ಶಾರ್ಲಟ್, ರಾಲಿ ನಗರಗಳಲ್ಲಿ ಸಾವಿರಾರು ಜನ ಅವರನ್ನು ನೋಡಲು ನೆರೆದರು. ಅವರಲ್ಲಿ ಕನ್ನಡಿಗರೂ ಇದ್ದಿರಬೇಕು. ಈ ಸಭೆಯಲ್ಲಿ ಕುಳಿತ ಕೆಲವರೂ ಇರಬಹುದು. ಪತ್ರಿಕೆಗಳು ಭಿಕ್ಕುಗಳ ಬಗ್ಗೆ ಬರೆದವು, ನಾಯಿಯ ಬಗ್ಗೆ ಇನ್ನೂ ಹೆಚ್ಚು ಬರೆದವು. ಆದರೆ ಆ ದಾರಿಯುದ್ದಕ್ಕೂ ಇನ್ನೊಂದು ಗುಂಪು ಇತ್ತು. ಚಳಿಯಲ್ಲಿ ಮನೆಯಿಂದ ಹೊರಬಂದು ಹಣ್ಣು, ನೀರು, ಹೂ ಹಿಡಿದು ಕಾದವರು. ರಾತ್ರಿ ತಂಗಲು ಚರ್ಚಿನ ಅಂಗಳ ಬಿಟ್ಟುಕೊಟ್ಟವರು. ಬೌದ್ಧಧರ್ಮದ ಒಂದಕ್ಷರವನ್ನೂ ಅರಿಯದ ರೈತರು, ಶಾಲಾಮಕ್ಕಳು, ನಿವೃತ್ತ ಸೈನಿಕರು. ಇಂದಿನ ಮಾತು ನಡೆದವರಿಗಿಂತ ಹೆಚ್ಚಾಗಿ ಈ ರಸ್ತೆಬದಿಯವರನ್ನು ಕುರಿತದ್ದು.

ಉತ್ತರ ಕರ್ನಾಟಕದಿಂದ ಬಂದವರಿಗೆ ಈ ನೋಟ ಹೊಸದಲ್ಲ. ಪ್ರತಿವರ್ಷ ಯುಗಾದಿಗೆ ಮುಂಚಿನ ವಾರಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ಜನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಬಾಗಲಕೋಟೆಯವರಿಗೆ ಸುಮಾರು ನಾನೂರು ಕಿಲೋಮೀಟರು, ಬೆಳಗಾವಿಯವರಿಗೆ ಐನೂರು ಮೀರಿದ ದಾರಿ. ಲಿಂಗಸುಗೂರು, ರಾಯಚೂರು ದಾಟಿ, ತುಂಗಭದ್ರೆಯ ಆಚೆಗೆ ಕರ್ನೂಲಿನ ಬಯಲು, ಆತ್ಮಕೂರು, ಕೊನೆಗೆ ನಲ್ಲಮಲದ ಕಾಡು. ಹೆಗಲ ಮೇಲೆ ಸಿಂಗರಿಸಿದ ಮಲ್ಲಯ್ಯನ ಕಂಬಿ ಹೊತ್ತವರಿರುತ್ತಾರೆ, ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರೂ ಇರುತ್ತಾರೆ. ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಿಕಾರ್ಜುನ ಅಳಿಯ ಎಂಬುದು ಈ ಯಾತ್ರಿಕರ ನಂಬಿಕೆ. ಆದ್ದರಿಂದ ಅವರು ಬರಿಗೈಯಲ್ಲಿ ಹೋಗುವುದಿಲ್ಲ. ತವರಿನಿಂದ ಮಗಳಿಗೆ ಒಯ್ಯುವಂತೆ ಸೀರೆ, ಕುಪ್ಪಸ, ಬಳೆ, ಅರಿಶಿನ ಕುಂಕುಮ ಒಯ್ಯುತ್ತಾರೆ. ನಲ್ಲಮಲದ ಚೆಂಚು ಜನರೂ ಇದೇ ದೇವರನ್ನು ತಮ್ಮ ಹೆಣ್ಣನ್ನು ಮದುವೆಯಾದ ಅಳಿಯನೆಂದು ಕರೆಯುತ್ತಾರೆ. ಹೀಗೆ ಬಯಲಿನ ಒಕ್ಕಲಿಗನಿಗೂ ಕಾಡಿನ ಬೇಟೆಗಾರನಿಗೂ ಒಬ್ಬನೇ ಅಳಿಯ.

ಈ ದಾರಿಯ ಒಂದು ದಿನವನ್ನು ನೋಡಬೇಕು. ಗುಡಿಯ ದಿನವನ್ನಲ್ಲ, ಕಾಡಿನ ದಿನವನ್ನೂ ಅಲ್ಲ; ರಾಯಚೂರಿನ ಬಯಲಿನಲ್ಲಿ ಬರುವ, ಯಾವ ವಿಶೇಷವೂ ಇಲ್ಲದ ಒಂದು ದಿನವನ್ನು.

ಬೆಳಗಿನ ನಾಲ್ಕಕ್ಕೆ ಮುಂಚೆಯೇ ಗುಂಪು ಎದ್ದಿರುತ್ತದೆ. ಹಿಂದಿನ ರಾತ್ರಿ ಮಲಗಿದ್ದು ಯಾವುದೋ ಊರಿನ ಶಾಲೆಯ ಜಗಲಿಯಲ್ಲೋ ಮಠದ ಅಂಗಳದಲ್ಲೋ. ಬಿಸಿಲೇರುವ ಮೊದಲು ಸಾಧ್ಯವಾದಷ್ಟು ನಡೆದುಬಿಡಬೇಕು ಎಂಬುದೊಂದೇ ಲೆಕ್ಕ. ಹೆಗಲಿಗೆ ಚೀಲ, ಅದರಲ್ಲಿ ಒಂದು ಹೊದಿಕೆ, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ. ಮುಂದೆ ಕಂಬಿ, ಹಿಂದೆ ಭಜನೆ. ಎರಡೂ ಬದಿಗೆ ಎರೆಹೊಲ. ಹತ್ತಿ ಬಿಡಿಸಿ ಮುಗಿದಿದೆ, ಮೆಣಸಿನಕಾಯಿ ಒಣಗುತ್ತಿದೆ. ಮೊದಲ ವಾರದಲ್ಲಿ ಎಲ್ಲರ ಪಾದಗಳಲ್ಲೂ ಬೊಬ್ಬೆ. ಎರಡನೆಯ ವಾರಕ್ಕೆ ಬೊಬ್ಬೆ ಒಡೆದು ಚರ್ಮ ಗಟ್ಟಿಯಾಗಿರುತ್ತದೆ, ಅಥವಾ ಕೀವಾಗಿ ಕೆಲವರು ಬಸ್ಸು ಹತ್ತಿ ಊರಿಗೆ ಮರಳಿರುತ್ತಾರೆ.

ಎಂಟು ಗಂಟೆಯ ಹೊತ್ತಿಗೆ ಮೊದಲ ಪೆಂಡಾಲು. ರಸ್ತೆಬದಿಯ ನಾಲ್ಕು ಕಂಬ, ಮೇಲೊಂದು ಬಟ್ಟೆ, ಕೆಳಗೆ ಕೊಪ್ಪರಿಗೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ, ಮಜ್ಜಿಗೆ. ನಡೆಯುವವರು ಕೇಳುವ ಮೊದಲೇ "ಬರ್ರಿ, ಕೂಡ್ರಿ, ಉಣ್ರಿ" ಎಂಬ ಕೂಗು. ಅಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಊರು ಮಾತ್ರ ಕೇಳುತ್ತಾರೆ. ಅದೂ ಎಷ್ಟು ದೂರದಿಂದ ಬಂದಿದ್ದಾರೆಂದು ತಿಳಿದು ಕನಿಕರಪಡುವುದಕ್ಕೆ. ಹತ್ತಿರದ ಹಳ್ಳಿಗಳ ಹೆಂಗಸರು ವಾರಗಟ್ಟಲೆ ಮನೆಯಲ್ಲಿ ರೊಟ್ಟಿ ಬಡಿದು ಕಳಿಸಿರುತ್ತಾರೆ. ಪೆಂಡಾಲಿನ ಮೇಲಿನ ಫ್ಲೆಕ್ಸಿನಲ್ಲಿ ಅವರ ಹೆಸರಿರುವುದಿಲ್ಲ. ಊರಿನ ಮುಖಂಡರ, ಮುಂದಿನ ಚುನಾವಣೆಯ ಆಕಾಂಕ್ಷಿಗಳ ಕೈಮುಗಿದ ಚಿತ್ರಗಳಿರುತ್ತವೆ. ಈ ದಾರಿಯ ಸತ್ಯವನ್ನು ಅರಿಯಬೇಕಾದರೆ ಫ್ಲೆಕ್ಸನ್ನು ಬಿಟ್ಟು ರೊಟ್ಟಿಯನ್ನು ನೋಡಬೇಕು.

ನಡುಹಗಲಿನಲ್ಲಿ ನಡಿಗೆ ಇಲ್ಲ. ಬೇವಿನ ಮರದ ನೆರಳಿನಲ್ಲಿ ಜನ ಒರಗುತ್ತಾರೆ. ಆಗ ಇನ್ನೊಂದು ಬಗೆಯ ಸೇವೆ ನಡೆಯುತ್ತದೆ. ಬಕೆಟ್ಟಿನಲ್ಲಿ ಬಿಸಿನೀರು ತಂದು ಯಾತ್ರಿಕರ ಕಾಲು ತೊಳೆಯುತ್ತಾರೆ, ಎಣ್ಣೆ ಹಚ್ಚಿ ಒತ್ತುತ್ತಾರೆ, ಬೊಬ್ಬೆಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತಾರೆ. ಕಾಲು ಮುಟ್ಟುವವನ ಜಾತಿ ಯಾವುದು, ಮುಟ್ಟಿಸಿಕೊಂಡವನ ಜಾತಿ ಯಾವುದು? ಊರಿನೊಳಗೆ ಎಂದೂ ಮರೆಯದ ಈ ಪ್ರಶ್ನೆಯನ್ನು ಆ ಒಂದು ಗಳಿಗೆ ಯಾರೂ ಕೇಳುವುದಿಲ್ಲ. ಎಷ್ಟೋ ಊರುಗಳಲ್ಲಿ ಮುಸಲ್ಮಾನ ತರುಣರು ಕಲ್ಲಂಗಡಿ ಹೆಚ್ಚಿ, ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ. ನಾಲ್ಕರ ನಂತರ ಮತ್ತೆ ನಡಿಗೆ, ಕತ್ತಲಾಗುವವರೆಗೆ. ದಿನಕ್ಕೆ ಮೂವತ್ತು, ಕೆಲವೊಮ್ಮೆ ನಲವತ್ತು ಕಿಲೋಮೀಟರು. ರಾತ್ರಿ ಮತ್ತೊಂದು ಊರು, ಮತ್ತೊಂದು ಜಗಲಿ, ಮತ್ತೊಂದು ಕೊಪ್ಪರಿಗೆ.

ಈ ದಿನದಲ್ಲಿ ದೇವರು ಎಲ್ಲಿದ್ದಾನೆ? ಯಾತ್ರಿಕನನ್ನು ಕೇಳಿದರೆ ಅವನು ಮುಂದಿನ ಬೆಟ್ಟದತ್ತ ಕೈ ತೋರಿಸಿಯಾನು. ಆದರೆ ರೊಟ್ಟಿ ಕೊಟ್ಟ ಹೆಂಗಸು ಬೆಟ್ಟಕ್ಕೆ ಹೋಗುವವಳಲ್ಲ. ಅವಳಿಗೆ ನಡೆದು ಬಂದವನೇ ಸಾಕು. ಹನ್ನೆರಡನೆಯ ಶತಮಾನದ ಶರಣರು ನಿಂತದ್ದನ್ನು ಸ್ಥಾವರವೆಂದೂ ನಡೆಯುವುದನ್ನು ಜಂಗಮವೆಂದೂ ಕರೆದು, ಜಂಗಮವನ್ನು ಮೇಲಿಟ್ಟರು. ಅದರ ಜೊತೆಗೇ ದಾಸೋಹವೆಂಬ ಇನ್ನೊಂದು ಮಾತನ್ನೂ ಕೊಟ್ಟರು. ದಾಸೋಹ ದಾನವಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ದಾಸ. ಪಡೆಯುವವನು ಬಂದದ್ದೇ ಉಪಕಾರ. ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣದ ಮೂಲಕ ಇದೇ ಶ್ರೀಶೈಲಕ್ಕೆ ಬಂದಳೆಂದು ಪರಂಪರೆ ಹೇಳುತ್ತದೆ. ಒಂಟಿ ಹೆಣ್ಣೊಬ್ಬಳು ಅಷ್ಟು ದೂರ ನಡೆದಳೆಂದರೆ, ದಾರಿಯ ಯಾವುದೋ ಮನೆಗಳು ಅವಳಿಗೆ ಅನ್ನ ನೀಡಿರಲೇಬೇಕು. ಆ ಮನೆಗಳ ಹೆಸರನ್ನು ಯಾವ ಪುರಾಣವೂ ಬರೆದಿಲ್ಲ.

ಇಲ್ಲಿಗೆ ಮಾತನ್ನು ನಿಲ್ಲಿಸಿದರೆ ಎಲ್ಲರಿಗೂ ಸುಖ. ತಾಯ್ನಾಡಿನ ದೂರದ ನೆನಪು ಇಂಥ ಚಿತ್ರಗಳನ್ನೇ ಬಯಸುತ್ತದೆ. ಆದರೆ ಪ್ರಗತಿಪರರೆಂದು ಕರೆದುಕೊಳ್ಳುವವರ ಸಭೆ ಅಲ್ಲಿಗೆ ನಿಲ್ಲುವಂತಿಲ್ಲ. ಈ ಔದಾರ್ಯಕ್ಕೆ ಗಡಿಯಿದೆ, ಆ ಗಡಿ ಎಲ್ಲಿದೆಯೆಂದು ನೋಡಲೇಬೇಕು.

ಮೊದಲ ಗಡಿ ದಾರಿಯ ಕೊನೆಯಲ್ಲೇ ಇದೆ. 2022ರ ಮಾರ್ಚ್ ಕೊನೆಯಲ್ಲಿ, ಯುಗಾದಿಗೆ ಎರಡು ಮೂರು ದಿನಗಳಿರುವಾಗ, ಶ್ರೀಶೈಲದ ಚಹಾ ಅಂಗಡಿಯೊಂದರ ಮುಂದೆ ಹುಟ್ಟಿದ ಜಗಳದಲ್ಲಿ ಕರ್ನಾಟಕದ ಯುವಕನೊಬ್ಬ ತೀವ್ರವಾಗಿ ಗಾಯಗೊಂಡ. ಅದರ ಬೆನ್ನಿಗೆ ಸಿಟ್ಟಿಗೆದ್ದ ಗುಂಪು ಅಂಗಡಿಗಳನ್ನೂ ವಾಹನಗಳನ್ನೂ ಒಡೆಯಿತು. ವಾರಗಟ್ಟಲೆ ಅಪರಿಚಿತರ ಅನ್ನ ಉಂಡು ಬಂದ ನಾಡಿನ ಜನರೇ ಒಂದು ರಾತ್ರಿಯಲ್ಲಿ ಅಪರಿಚಿತರ ಅಂಗಡಿಗೆ ಕೈಯೆತ್ತಿದರು. ಆ ದೇವಾಲಯದ ಪರಿಸರದಲ್ಲಿ ಹಿಂದೂಗಳಲ್ಲದವರು ಅಂಗಡಿ ಮಳಿಗೆಗಳ ಹರಾಜಿನಲ್ಲಿ ಭಾಗವಹಿಸಬಾರದೆಂಬ ನಿರ್ಬಂಧ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಧರ್ಮದ ಕಾರಣಕ್ಕೆ ಅವರನ್ನು ಹೊರಗಿಡಬಾರದೆಂದು ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಹೇಳಿತು. ಅದಾದ ಕೆಲವೇ ತಿಂಗಳಲ್ಲಿ ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಜಾಗ ನಿರಾಕರಿಸಲಾಯಿತು. ದಾರಿಯಲ್ಲಿ ಕಲ್ಲಂಗಡಿ ಕೊಡುವ ಕೈ ಪವಿತ್ರ, ಗುಡಿಯ ಮುಂದೆ ಬಳೆ ಮಾರುವ ಕೈ ಮೈಲಿಗೆ ಎಂಬ ಈ ನ್ಯಾಯ ಎಲ್ಲಿಂದ ಬಂತು? ಅಕ್ಕನ ದಾರಿಯಿಂದಂತೂ ಬಂದದ್ದಲ್ಲ.

ಎರಡನೆಯ ಗಡಿ ಇನ್ನೂ ಆಳದ್ದು. ಅದು ತೆರೆದು ತೋರಿದ್ದು 2020ರ ಬೇಸಿಗೆಯಲ್ಲಿ. ಲಾಕ್‌ಡೌನ್ ಘೋಷಣೆಯಾದ ಮೇಲೆ ಭಾರತದ ಹೆದ್ದಾರಿಗಳಲ್ಲಿ ಲಕ್ಷಾಂತರ ಕಾರ್ಮಿಕರು ನಡೆದರು. ಅವರ ಹೆಗಲ ಮೇಲೆ ಕಂಬಿ ಇರಲಿಲ್ಲ, ಮಕ್ಕಳಿದ್ದರು. ಅವರು ಹೋಗುತ್ತಿದ್ದುದು ದೇವರ ಬೆಟ್ಟಕ್ಕಲ್ಲ, ತಮ್ಮ ಮನೆಗೆ. ಆ ವರ್ಷದ ಮೇ 5ರಂದು ಕರ್ನಾಟಕ ಸರ್ಕಾರ ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದ ಬಳಿಕ, ಕಾರ್ಮಿಕರನ್ನು ಊರಿಗೆ ಕರೆದೊಯ್ಯಬೇಕಿದ್ದ ರೈಲುಗಳನ್ನು ರದ್ದುಪಡಿಸಲು ತೀರ್ಮಾನಿಸಿತು. ಟೀಕೆ ಎದ್ದ ನಂತರ ತೀರ್ಮಾನ ಬದಲಾಯಿತು. ಅಷ್ಟರಲ್ಲಿ ಎಷ್ಟೋ ಜನ ನಡೆಯತೊಡಗಿದ್ದರು. ಮೇ 8ರ ಬೆಳಗಿನ ಜಾವ ಮಹಾರಾಷ್ಟ್ರದ ಔರಂಗಾಬಾದಿನ ಬಳಿ, ನಡೆದು ದಣಿದು ಹಳಿಗಳ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಸರಕು ರೈಲು ಹಾಯಿತು. ಅವರು ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಗಳ ನಡುವೆ ಚದುರಿ ಬಿದ್ದಿದ್ದ ಚಿತ್ರವನ್ನು ಜಗತ್ತು ನೋಡಿತು.

ಆ ದಿನಗಳಲ್ಲೂ ಅನ್ನ ಹಂಚಿದವರಿದ್ದರು. ಅವರನ್ನು ಮರೆತರೆ ಅನ್ಯಾಯವಾಗುತ್ತದೆ. ಆದರೆ ಎಷ್ಟೋ ಊರುಗಳು ತಮ್ಮ ಗಡಿಯಲ್ಲಿ ಮುಳ್ಳಿನ ಬೇಲಿ ಹಾಕಿ, ರಸ್ತೆ ಅಗೆದು, ಹೊರಗಿನವರು ಬರಕೂಡದೆಂದು ಕಾವಲು ಕೂತವು. ರೋಗದ ಭಯವಿತ್ತು, ನಿಜ. ಆದರೂ ಪ್ರಶ್ನೆ ಉಳಿಯುತ್ತದೆ: ದೇವರ ಹೆಸರು ಹೇಳಿ ನಡೆಯುವವನ ಕಾಲು ತೊಳೆಯುವ ಸಮಾಜಕ್ಕೆ, ಹಸಿವಿನ ಹೆಸರು ಹೇಳಿ ನಡೆಯುವವನ ಕಾಲಿನ ಬೊಬ್ಬೆ ಏಕೆ ಕಾಣುವುದಿಲ್ಲ? ಬೊಬ್ಬೆ ಎರಡೂ ಕಡೆ ಒಂದೇ. ಯಾತ್ರಿಕನಿಗೆ ಮರಳಲು ಮನೆಯಿದೆ, ಅವನ ನಡಿಗೆ ಅವನ ಆಯ್ಕೆ. ಕಾರ್ಮಿಕನಿಗೆ ಆಯ್ಕೆಯಿರಲಿಲ್ಲ. ಹೆಚ್ಚು ಬೇಕಾಗಿದ್ದವನಿಗೆ ಕಡಿಮೆ ಸಿಕ್ಕಿತು.

ಇದು ಭಾರತದ ರೋಗ ಮಾತ್ರವೆಂದು ಇಲ್ಲಿ ಕುಳಿತು ನಿಟ್ಟುಸಿರು ಬಿಡುವುದು ಸುಲಭ. ಆದರೆ ಭಿಕ್ಕುಗಳು ನಡೆದ ಇದೇ ದಕ್ಷಿಣದ ನೆಲಕ್ಕೂ ಇದೇ ಪ್ರಶ್ನೆಯ ಚರಿತ್ರೆಯಿದೆ. ಈ ರಸ್ತೆಗಳಲ್ಲಿ ಪಯಣಿಸುವ ಕಪ್ಪು ಕುಟುಂಬಕ್ಕೆ ಎಲ್ಲಿ ಊಟ ಸಿಗುತ್ತದೆ, ಎಲ್ಲಿ ರಾತ್ರಿ ತಂಗಬಹುದು ಎಂದು ತಿಳಿಸಲೆಂದೇ ಒಂದು ಪುಸ್ತಕ ಬೇಕಾಗಿತ್ತು. ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ಆರಂಭಿಸಿದ ಗ್ರೀನ್ ಬುಕ್ ಮೂರು ದಶಕಗಳ ಕಾಲ ಪ್ರಕಟವಾಯಿತು. ಉತ್ತರ ಕೆರೊಲಿನಾದ ಗ್ರೀನ್ಸ್‌ಬೊರೊ ನಗರದಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ಕುಳಿತರು. ಆ ಅಂಗಡಿ ಅವರಿಗೆ ಹಲ್ಲುಜ್ಜುವ ಪೇಸ್ಟು ಮಾರುತ್ತಿತ್ತು; ಕೂತು ಕುಡಿಯಲು ಒಂದು ಲೋಟ ಕಾಫಿ ಮಾತ್ರ ಕೊಡುತ್ತಿರಲಿಲ್ಲ. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟವಿಟ್ಟ ನಾಡಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನ್ನ ನೀಡುವುದರಿಂದಲೂ ಅನ್ನ ನಿರಾಕರಿಸುವುದರಿಂದಲೂ ಒಂದು ಸಮಾಜ ತನ್ನವರು ಯಾರೆಂದು ಹೇಳುತ್ತದೆ.

ಇದೇ ದಕ್ಷಿಣದ ಇನ್ನೊಂದು ನಡಿಗೆಯನ್ನು ನೆನೆಯಬೇಕು. 1965ರ ಮಾರ್ಚ್ 21ರಿಂದ 25ರವರೆಗೆ ಮತದಾನದ ಹಕ್ಕಿಗಾಗಿ ಅಲಬಾಮಾದ ಸೆಲ್ಮಾದಿಂದ ಮಾಂಟ್‌ಗೊಮೆರಿಗೆ ಜನ ನಡೆದರು, 54 ಮೈಲಿ. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಎಲ್ಲರಿಗೂ ಗೊತ್ತು. ಮೊದಲ ಮೂರು ರಾತ್ರಿ ಆ ಜನ ಎಲ್ಲಿ ಮಲಗಿದರೆಂಬುದು ಕಡಿಮೆ ಜನಕ್ಕೆ ಗೊತ್ತು. ಡೇವಿಡ್ ಹಾಲ್, ರೋಸಿ ಸ್ಟೀಲ್, ರಾಬರ್ಟ್ ಗಾರ್ಡ್ನರ್ ಎಂಬ ಕಪ್ಪು ರೈತರು ತಮ್ಮ ಹೊಲಗಳಲ್ಲಿ ಡೇರೆ ಹಾಕಲು ಜಾಗ ಕೊಟ್ಟರು. ನಡೆಯುವವರು ನಾಳೆ ಮುಂದಿನ ಊರಿಗೆ ಹೋಗುತ್ತಾರೆ. ಜಾಗ ಕೊಟ್ಟವರು ಅಲ್ಲೇ, ಅದೇ ನೆರೆಹೊರೆಯ ದ್ವೇಷದ ನಡುವೆ ಬದುಕಬೇಕು. ಆ ಲೌಂಡ್ಸ್ ಕೌಂಟಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಿದ ಗೇಣಿದಾರರನ್ನು ಭೂಮಾಲೀಕರು ಒಕ್ಕಲೆಬ್ಬಿಸಿದರು. ಆ ಕುಟುಂಬಗಳು ತಿಂಗಳುಗಟ್ಟಲೆ ಡೇರೆಗಳಲ್ಲಿ ಬದುಕಿದವು. ನಡಿಗೆ ಮುಗಿದ ರಾತ್ರಿ, ನಡೆದವರನ್ನು ತನ್ನ ಕಾರಿನಲ್ಲಿ ಊರಿಗೆ ಬಿಡುತ್ತಿದ್ದ ಡೆಟ್ರಾಯಿಟ್‌ನ ಗೃಹಿಣಿ, ಐದು ಮಕ್ಕಳ ತಾಯಿ ವಯೋಲಾ ಲಿಯುಝೋ ಅವರನ್ನು ಕು ಕ್ಲಕ್ಸ್ ಕ್ಲಾನಿನವರು ಗುಂಡಿಟ್ಟು ಕೊಂದರು. ರಸ್ತೆಬದಿಯಲ್ಲಿ ನಿಂತು ನೀರು ಕೊಡುವುದು ಯಾವಾಗಲೂ ಸುಲಭದ ಪುಣ್ಯವಲ್ಲ. ಕೆಲವೊಮ್ಮೆ ಅದಕ್ಕೆ ಮನೆಯನ್ನೂ, ಪ್ರಾಣವನ್ನೂ ತೆರಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ನೀಡಿದ್ದಕ್ಕೆ ಮಾತ್ರ ದಾಸೋಹವೆಂಬ ಹೆಸರು ಪೂರ್ತಿಯಾಗಿ ಒಪ್ಪುತ್ತದೆ.

ಇದು ಹಳೆಯ ಕಥೆಯೂ ಅಲ್ಲ. 2020ರ ಫೆಬ್ರವರಿ 23ರಂದು ಜಾರ್ಜಿಯಾದ ಬ್ರನ್ಸ್‌ವಿಕ್ ಬಳಿಯ ಬಡಾವಣೆಯೊಂದರಲ್ಲಿ ಓಡುತ್ತಿದ್ದ ಅಹ್ಮದ್ ಆರ್ಬೆರಿ ಎಂಬ 25ರ ಕಪ್ಪು ಯುವಕನನ್ನು ಮೂವರು ಬಿಳಿಯರು ಟ್ರಕ್ಕುಗಳಲ್ಲಿ ಬೆನ್ನಟ್ಟಿ, ಅವರಲ್ಲೊಬ್ಬ ಗುಂಡಿಟ್ಟು ಕೊಂದ. ಮೂವರೂ ಅಪರಾಧಿಗಳೆಂದು 2021ರ ನವೆಂಬರಿನಲ್ಲಿ ತೀರ್ಪು ಬಂತು. ಆರ್ಬೆರಿ ಮೈಮೇಲೆ ಚೀವರವಿರಲಿಲ್ಲ, ಹಿಂದೆ ಬೆಂಗಾವಲಿನ ವಾಹನವಿರಲಿಲ್ಲ. ಒಂದೇ ರಾಜ್ಯದ ರಸ್ತೆ ಒಬ್ಬನಿಗೆ ಹೂ ಕೊಟ್ಟಿತು, ಇನ್ನೊಬ್ಬನಿಗೆ ಗುಂಡು. ಭಿಕ್ಕುಗಳಿಗೆ ಸಿಕ್ಕ ಪ್ರೀತಿ ಸುಳ್ಳೆಂದು ಇದರ ಅರ್ಥವಲ್ಲ. ಆ ಪ್ರೀತಿ ನಿಜವಾದದ್ದೇ. ಅದು ನಿಜವಾದ್ದರಿಂದಲೇ, ಅದಕ್ಕೆ ಇನ್ನಷ್ಟು ದೂರ ನಡೆಯುವ ಶಕ್ತಿಯಿದೆಯೇ ಎಂದು ಕೇಳಬೇಕಾಗಿದೆ.

ಈ ನಾಡಿನಲ್ಲಿ ಈಗ ವಲಸಿಗರ ಮೇಲೆ ದಾಳಿಗಳು ನಡೆಯುತ್ತಿವೆ. ಭಿಕ್ಕುಗಳು ಶಾರ್ಲಟ್ ತಲುಪುವ ಎರಡು ತಿಂಗಳ ಮುಂಚೆ, 2025ರ ನವೆಂಬರಿನಲ್ಲಿ, ಅದೇ ನಗರದಲ್ಲಿ ಗಡಿ ಕಾವಲು ಪಡೆ ಬೀದಿಗಿಳಿದು ಜನರನ್ನು ಹಿಡಿಯಿತು. ಅಂಗಡಿಗಳು ಬಾಗಿಲು ಹಾಕಿದವು, ಹೆದರಿದ ಕುಟುಂಬಗಳು ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಆಗ ನೆರೆಯವರು ಕೆಲವರು ಆ ಮನೆಗಳಿಗೆ ದಿನಸಿ ಮುಟ್ಟಿಸಿದರು, ಶಾಲೆಯ ಬಾಗಿಲಲ್ಲಿ ನಿಂತು ಕಾದರು. ಅವರಲ್ಲಿ ಕನ್ನಡಿಗರೆಷ್ಟು ಎಂದು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಎಣಿಸಿಕೊಳ್ಳಬಹುದು. ಕಾಗದಪತ್ರ ಸರಿಯಿರುವ ವಲಸಿಗನು ಕಾಗದವಿಲ್ಲದ ವಲಸಿಗನಿಂದ ಎರಡು ಹೆಜ್ಜೆ ದೂರ ನಿಲ್ಲುವುದನ್ನು ಬೇಗ ಕಲಿಯುತ್ತಾನೆ. ಊರಿನಲ್ಲಿ ಜಾತಿಯಿಂದ ಕಲಿತ ಪಾಠವೇ ಇಲ್ಲಿ ವೀಸಾದ ಹೆಸರಿನಲ್ಲಿ ಮುಂದುವರಿಯುತ್ತದೆ.

ಅಟ್ಲಾಂಟ, ಶಾರ್ಲಟ್, ರಾಲಿ, ವಾಷಿಂಗ್ಟನ್ ಸುತ್ತಮುತ್ತಲಿನ ಗುಡಿಗಳಲ್ಲೂ ಕನ್ನಡ ಸಂಘಗಳಲ್ಲೂ ಅನ್ನದಾಸೋಹ ಎಂಬ ಮಾತು ಆಗಾಗ ಕೇಳುತ್ತದೆ. ಬಿಸಿಬೇಳೆಭಾತು, ಮೊಸರನ್ನ, ಪಾಯಸ. ಸಾಲಿನಲ್ಲಿ ನಿಂತವರೆಲ್ಲರೂ ಪರಿಚಿತರು, ಎಲ್ಲರೂ ಕಾರಿನಲ್ಲಿ ಬಂದವರು. ಅದು ಒಳ್ಳೆಯ ಊಟ, ಒಳ್ಳೆಯ ಸಂಭ್ರಮ. ಆದರೆ ರಾಯಚೂರಿನ ಬಯಲಿನ ಆ ಹೆಂಗಸು ಇದನ್ನು ದಾಸೋಹವೆಂದು ಒಪ್ಪಿಯಾಳೇ? ಅವಳ ರೊಟ್ಟಿಗೆ ಒಂದು ಲಕ್ಷಣವಿತ್ತು: ತಿನ್ನುವವನು ಯಾರೆಂದು ಬಡಿಯುವಾಗ ಅವಳಿಗೆ ಗೊತ್ತಿರಲಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ಇಡಬೇಕಾದ ಮಾತು ಸಣ್ಣದು, ಮಾಡಬಹುದಾದದ್ದು. ಸಂಘದ ಅಡುಗೆಮನೆಯ ಒಂದು ಕೊಪ್ಪರಿಗೆ ವರ್ಷಕ್ಕೆ ಕೆಲವು ಸಲವಾದರೂ ರಸ್ತೆಯ ಬದಿಗೆ ಬರಲಿ. ಹಕ್ಕಿಗಾಗಿ ನಡೆಯುವವರ ಮೆರವಣಿಗೆಯ ದಾರಿಗೆ, ಕೆರೊಲಿನಾದ ಗೆಣಸಿನ ಹೊಲಗಳಲ್ಲಿ ದುಡಿದು ದಣಿದವರ ಬಿಡಾರಕ್ಕೆ, ಬಾಗಿಲು ಹಾಕಿಕೊಂಡು ಒಳಗೆ ಕೂತ ಕುಟುಂಬದ ಮನೆಗೆ ಅದು ಹೋಗಲಿ. ಜೊತೆಗೆ, ಊರಿಗೆ ಫೋನು ಮಾಡಿದಾಗ ಜಾತ್ರೆಗೆ ಚಂದಾ ಕೇಳುವವರನ್ನು ಒಂದು ಪ್ರಶ್ನೆ ಕೇಳಬಹುದು: ಈ ಸಲದ ಜಾತ್ರೆಯಲ್ಲಿ ಬಳೆ ಅಂಗಡಿ ಇಡಲು ಎಲ್ಲರಿಗೂ ಜಾಗವಿದೆಯೇ? ಡಾಲರಿನಲ್ಲಿ ಕಳಿಸುವ ಚಂದಾಕ್ಕೆ ಅಷ್ಟು ಕೇಳುವ ಹಕ್ಕಿದೆ, ಹೊಣೆಯೂ ಇದೆ.

ಮುಂದಿನ ಯುಗಾದಿಗೂ ಜನ ಶ್ರೀಶೈಲಕ್ಕೆ ನಡೆಯುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಆ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಚರಿತ್ರೆ ಅವನ ಹೆಸರನ್ನು ಉಳಿಸಿಕೊಂಡಿದೆ. ಆ ಮೆಟ್ಟಿಲುಗಳವರೆಗೆ ನಡೆಯುವವರನ್ನು ತಲುಪಿಸಿದ ರೊಟ್ಟಿಗೆ ಹೆಸರಿಲ್ಲ. ಅದನ್ನು ಈಗಲೂ ಯಾರೋ ಬಡಿಯುತ್ತಿದ್ದಾರೆ.